ಎರಡು ಬೆರಳಿಗೆ ಕಟ್ಟಿದ ದಾರ

ನನಗೆ ಬಾಯಿ ಜಾಸ್ತಿ. ಇದನ್ನು ಮೊದಲೇ ನಾನೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುತ್ತ ಓದುತ್ತ ನೀವೇ ಹೇಳುತ್ತೀರಿ. ತಿಕೋಟಾದಲ್ಲಿ ಏಳನೆಯ ಇಯತ್ತೆ ಓದಿ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಆ ಕಾಲದಲ್ಲಿ ಹುಡುಗಿಯೊಬ್ಬಳು ಮುಲ್ಕಿ ಪಾಸಾದಳೆಂದರೆ ಊರವರು ನೋಡಲು ಬರುತ್ತಿದ್ದರು. ಹೀಗೆ ನೋಡಲು ಬಂದವರಲ್ಲೇ ಒಬ್ಬರು ನನ್ನನ್ನು ಬಬಲೇಶ್ವರಕ್ಕೆ ಸೊಸೆಯಾಗಿ ಕೇಳಿದರು. ಬಂಡಿ ಹತ್ತುವಾಗ ನನ್ನ ಅವ್ವ ಕಣ್ಣೊರೆಸಿಕೊಳ್ಳುತ್ತ, "ಬಾಯಿ ಒಂದ ಇಲ್ಲೇ ಬಿಟ್ಟ ಹೋಗ ನಮ್ಮವ್ವಾ, ಉಳಿದದ್ದ ಏನ ಬೇಕಾದ್ದ ಒಯ್ಯಿ" ಅಂದಳು. ನಾನು ಅದನ್ನೇ ಮೊದಲು ಗಂಟು ಕಟ್ಟಿಕೊಂಡು ಹೋದೆ.

ದೊಡ್ಡ ಯುದ್ಧ ಇನ್ನೂ ಮುಗಿದಿರಲಿಲ್ಲ. ವಿಜಾಪುರದಿಂದ ಬರುವ ಮೋಟಾರು ಪೆಟ್ರೋಲು ಸಿಗದೆ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಕೆಮ್ಮುತ್ತ ಬರುತ್ತಿತ್ತು. ನಮ್ಮ ಮನೆಯಲ್ಲಿ ನಾಲ್ಕೇ ಜನ: ಮಾವ, ಅತ್ತೆ, ನಮ್ಮವರು, ನಾನು. ಊರ ಹೊರಗೆ ಕರಿಮಣ್ಣಿನ ಎರೆಹೊಲ. ಬಾವಿ ಇಲ್ಲ, ಕಾಲುವೆ ಇಲ್ಲ, ಮೇಲಿಂದ ಏನು ಬೀಳುತ್ತದೋ ಅಷ್ಟೇ ನೀರು. ಮಳೆಗಾಲದ ಹಸಿಯನ್ನು ನೆಲದಲ್ಲಿ ಹಿಡಿದಿಟ್ಟುಕೊಂಡು, ಉತ್ತರಿ-ಹಸ್ತ ಮಳೆಯ ಹೊತ್ತಿಗೆ ಬಿಳಿಜೋಳ ಬಿತ್ತಿ, ಚಳಿಗಾಲವಿಡೀ ಆ ಹಸಿಯ ಮೇಲೆಯೇ ಬೆಳೆ ತೆಗೆಯಬೇಕು.

ಬಿತ್ತುವ ಕೂರಿಗೆ ನೋಡದವರಿಗಾಗಿ ಎರಡು ಮಾತು. ಕೆಳಗೆ ಮೂರು ಮರದ ಕಾಲುಗಳು ನೆಲ ಸೀಳುತ್ತವೆ. ಅವುಗಳಿಂದ ಮೂರು ಬಿದಿರಿನ ಕೊಳವೆಗಳು ಮೇಲೆದ್ದು ಒಂದು ಮರದ ಬಟ್ಟಲಿನ ಮೂರು ತೂತುಗಳಿಗೆ ಕೂಡುತ್ತವೆ. ಗಂಡಸು ಎತ್ತು ಹೊಡೆಯುತ್ತಾನೆ. ಹೆಂಗಸು ಉಡಿಯಲ್ಲಿ ಬೀಜ ಕಟ್ಟಿಕೊಂಡು ಜೊತೆಗೆ ನಡೆಯುತ್ತ, ಮುಷ್ಟಿಯಿಂದ ಆ ಬಟ್ಟಲಿಗೆ ಬೀಜ ಬಿಡುತ್ತ ಹೋಗುತ್ತಾಳೆ. ಎಷ್ಟು ಬೀಜ, ಯಾವ ವೇಗ, ಎಲ್ಲ ಅವಳ ಕೈಯ ಲೆಕ್ಕ. ಗಂಡಸಿಗೆ ಅದರ ಗಂಧವೂ ಇಲ್ಲ.

ನಮ್ಮ ಅತ್ತೆಯ ಕೈ ಬಬಲೇಶ್ವರಕ್ಕೆಲ್ಲ ಹೆಸರಾದ ಕೈ. ಬಿತ್ತಿಗೆ ಶುರುವಾದ ದಿನ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಮೂರು ನಾಲ್ಕು ಬಂಡಿ ನಿಂತಿರುತ್ತಿದ್ದವು. "ಯವ್ವಾ, ಮೊದಲಿನ ಮುಷ್ಟಿ ನಿಮ್ಮ ಕೈಲೇ ಆಗ್ಲಿ ಬರ್ರಿ" ಎಂದು ಕರೆಯುತ್ತಿದ್ದರು. ಅವರಿಗೊಂದು ಸ್ವಂತ ಬಟ್ಟಲಿತ್ತು. ಜಾಲಿಯ ಗಟ್ಟಿ ಕಟ್ಟಿಗೆಯದು, ಅಂಚಿಗೆ ಹಿತ್ತಾಳೆಯ ಕಟ್ಟು, ತವರಿನಿಂದ ತಂದದ್ದು. ಬಿತ್ತಿಗೆ ಮುಗಿದ ಮೇಲೆ ತೊಳೆದು, ಎಣ್ಣೆ ಸವರಿ, ದೇವರ ಜಗಲಿಯ ಮೇಲೆ ಇಡುತ್ತಿದ್ದರು. ಅದನ್ನು ಮುಟ್ಟಲು ಮನೆಯಲ್ಲಿ ಬೇರೆ ಯಾರಿಗೂ ಧೈರ್ಯವಿರಲಿಲ್ಲ. ನನಗೂ ಇರಲಿಲ್ಲ, ಆದರೆ ಆಸೆ ಇತ್ತು.

ಇಂಥ ಮನೆಗೆ ಸೈಕಲ್ ತುಳಿಯುತ್ತ ಒಬ್ಬ ಕಾಮಗಾರ ಬಂದ. ಸರ್ಕಾರದ ಶೇತಕಿ ಖಾತೆಯವನು, ಅಂದರೆ ಬೇಸಾಯದ ಇಲಾಖೆಯವನು, ಧಾರವಾಡದ ಕಡೆಯ ಹುಡುಗ. ಮಳೆಯ ಮೇಲೇ ನಿಂತ ಹೊಲಗಳಲ್ಲಿ ಹೆಚ್ಚು ಬೆಳೆಯುವುದು ಹೇಗೆಂದು ಹಳ್ಳಿಹಳ್ಳಿಗೆ ಹೇಳಿಬರುವುದು ಅವನ ನೌಕರಿ. ತಿಕೋಟಾ, ಬಬಲೇಶ್ವರ ಎರಡೂ ಅವನ ಪಾಲಿಗೆ. ದಾರಿಯಲ್ಲಿ ಜಾಲಿಮುಳ್ಳು ಚುಚ್ಚಿಕೊಂಡು ಅವನ ಸೈಕಲ್ಲು ಅರ್ಧ ದಾರಿ ಅವನನ್ನು ಹೊತ್ತರೆ, ಉಳಿದರ್ಧ ದಾರಿ ಅವನೇ ಸೈಕಲ್ಲನ್ನು ಹೊರುತ್ತಿದ್ದ.

ಹಿಂದಿನ ವರ್ಷವೂ ಬಂದಿದ್ದನಂತೆ. ಗಂಡಸರನ್ನು ವಿಜಾಪುರಕ್ಕೆ ಕರೆದೊಯ್ದು ಸರ್ಕಾರಿ ಹೊಲ ತೋರಿಸಿ ಕಳಿಸಿದ್ದ. ಅಲ್ಲಿ ಏನು ನೋಡಿ ಬಂದಿರಿ ಎಂದು ನಮ್ಮವರನ್ನು ಒಮ್ಮೆ ಕೇಳಿದೆ. "ಉಪ್ಪಿಟ್ಟು ಭಾಳ ಛಲೋ ಮಾಡಿದ್ರು" ಅಂದರು. ಮತ್ತೇನು ಅಂದೆ. ಸ್ವಲ್ಪ ಯೋಚಿಸಿ, "ಚಹಾನೂ ಕೊಟ್ರು" ಅಂದರು. ಮಾವ ಒಂದು ತುಂಡು ಹೊಲವನ್ನು ಅವನ ಪ್ರಯೋಗಕ್ಕೆಂದು ಬಿಟ್ಟುಕೊಟ್ಟರೂ ಬಿತ್ತಿದ್ದು ಅತ್ತೆಯ ಕೈ. ಯಾವಾಗಿನಂತೆ ದಟ್ಟವಾಗಿ ಬಿತ್ತಿತು, ಯಾವಾಗಿನಷ್ಟೇ ಬೆಳೆಯಿತು. ಪಾಪ, ಆ ಹುಡುಗ ಮೇಲಿನ ಸಾಹೇಬರಿಂದ ಬೈಸಿಕೊಂಡಿದ್ದನಂತೆ.

ಈ ಸಲ ನಮ್ಮ ಕಟ್ಟೆಯ ಮೇಲೆ ಹತ್ತು ಹನ್ನೆರಡು ಗಂಡಸರನ್ನು ಕೂಡಿಸಿಕೊಂಡು ಮತ್ತೆ ಅದನ್ನೇ ಹೇಳಿದ. ಅತ್ತೆ, ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆವು. ಸಾಲಿನಿಂದ ಸಾಲಿಗೆ ಒಂದು ಮೊಳ ಅಂತರ ಬಿಡಬೇಕು, ಬೀಜ ಈಗಿನದರ ಅರ್ಧ ಸಾಕು, ಸಾಲುಗಳ ನಡುವೆ ಮೂರು ಸಲ ಎಡೆಕುಂಟೆ ಹೊಡೆದು ಮೇಲ್ಮಣ್ಣು ಸಡಿಲ ಇಡಬೇಕು, ಆಗ ನೆಲ ಬಿರುಕು ಬಿಡದೆ ಹಸಿ ಒಳಗೇ ಉಳಿಯುತ್ತದೆ.

"ಹೊಲದಾಗಿನ ಹಸಿ ಅಂದ್ರ ಒಂದ ಕೊಡಾ ನೀರ ಇದ್ದಂಗ್ರಿ" ಅಂದ. "ಹತ್ತ ಮಂದಿ ಹಂಚಕೊಂಡ್ರ ಒಬ್ಬರ ನೀರಡಿಕಿನೂ ಹೋಗಂಗಿಲ್ಲ. ಐದ ಮಂದಿ ಕುಡದ್ರ ಐದೂ ಮಂದಿ ಬದಕ್ತಾರ."

ಗಂಡಸರೆಲ್ಲ "ಹೌದ್ರಿ, ಖರೇ ಅದರಿ" ಎಂದು ತಲೆದೂಗಿದರು. ಎಲೆ ಅಡಿಕೆ ತಟ್ಟೆ ಒಂದು ಸುತ್ತು ಬಂತು. ಇವರು ಈಗ ಎದ್ದು ಹೋಗುತ್ತಾರೆ, ಹೊಲದಲ್ಲಿ ಹಳೆಯದೇ ನಡೆಯುತ್ತದೆ ಎಂದು ನನಗೆ ಗೊತ್ತಾಯಿತು. ನನ್ನ ಬಾಯಿ ನನ್ನನ್ನು ಕೇಳಲಿಲ್ಲ.

"ಬೀಜಾ ಬಿಡೋರಿಗೆ ಹೇಳ್ರಲಾ! ಎತ್ತ ಹೊಡಿಯೋರ ಮುಂದ ಹೇಳಿದ್ರ ಏನ ಬಂತು?" ಎಂದು ಬಾಗಿಲ ಹಿಂದಿನಿಂದಲೇ ಕೂಗಿದೆ.

ಕಟ್ಟೆಯ ಮೇಲಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು. ಸೊಸೆಯಾದವಳು ಹತ್ತು ಜನ ಗಂಡಸರ ಮುಂದೆ ಹೀಗೆ ಮಾತಾಡುವುದುಂಟೇ! ನಮ್ಮವರು ಕಂಬದ ಕಡೆ ಮುಖ ತಿರುಗಿಸಿದರು. ಮಾವ ಮಾತ್ರ ಮೀಸೆಯೊಳಗೇ ನಕ್ಕು, "ಹುಡುಗಿ ಹೇಳೂದು ಸುಳ್ಳಲ್ಲ ಬಿಡ್ರಿ. ನಮಗ ಬೀಜದ್ದು ಏನ್ ತಿಳೀತದ? ಮನ್ಯಾಕಿನ್ನ ಕೇಳ್ರಿ" ಅಂದರು.

ಅತ್ತೆ ಸೆರಗು ಸರಿಮಾಡಿಕೊಂಡು ಹೊಸ್ತಿಲ ಮೇಲೆ ಬಂದು ನಿಂತರು. "ತಮ್ಮಾ, ಒಂದ ಮಾತ ಕೇಳ್ತೀನಿ" ಅಂದರು. "ನಿಮ್ಮ ಮನ್ಯಾಗ ಸೊಸಿ ಉಡಿ ತುಂಬಾಗ ನಿಮ್ಮವ್ವ ಅಕ್ಕಿ ಎಣಿಸಿ ಹಾಕ್ತಾಳನು?"

ಕಾಮಗಾರ ಕೆಂಪಾಗಿ, "ನನಗ ಇನ್ನೂ ಲಗ್ನ ಆಗಿಲ್ರಿ ಯವ್ವಾ" ಅಂದ.

"ಆದಾಗ ನೋಡೀಯಂತ. ಬಿತ್ತೂದು ಅಂದ್ರ ಭೂಮಿತಾಯಿ ಉಡಿ ತುಂಬೂದು. ಉಡಿ ತುಂಬಾಗ ಕೈ ಹಿಡದ್ರ ಅಕಿ ಬಂಜಿ ಆಗ್ತಾಳ. ನನ್ನ ಕೈ ಜಿಪುಣಿ ಕೈ ಅಲ್ಲ."

ಇದು ಹಟದ ಮಾತಾಗಿರಲಿಲ್ಲ. ನಮ್ಮ ಕಡೆಯ ಹೆಂಗಸರೆಲ್ಲ ಹಾಗೇ ನಂಬಿದ್ದರು. ಮುಷ್ಟಿ ತುಂಬಿರಬೇಕು, ಅರ್ಧ ಮುಷ್ಟಿ ಅಪಶಕುನ. ಸರ್ಕಾರದವರು ಗಂಡಸರಿಗೆ ಎಷ್ಟು ಸಲ ಹೇಳಿದರೂ ಹೊಲಕ್ಕೆ ಮಾತು ಮುಟ್ಟದೆ ಇದ್ದದ್ದು ಇದಕ್ಕೇ. ಕಾಮಗಾರ ಪೆಚ್ಚಾಗಿ ಚೀಲದಿಂದ ಒಂದು ಅಚ್ಚಾದ ಹಾಳೆ ತೆಗೆದ. ನಾನು ಹೊರಗೆ ಬಂದು ಅದನ್ನು ಇಸಿದುಕೊಂಡು ಗಟ್ಟಿಯಾಗಿ ಓದಿದೆ. ಓದಿ ಸುಮ್ಮನಿರಬೇಕಿತ್ತು. "ನನಗ ಇದು ಖರೇ ಅನಸ್ತದರಿ ಯವ್ವಾ. ಹಾಸಿಗೆ ಇದ್ದಷ್ಟ ಕಾಲ ಚಾಚಬೇಕಲ್ರಿ" ಅಂದುಬಿಟ್ಟೆ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಭಾಳ ಶ್ಯಾಣ್ಯಾಕಿ ಅದಿ ಬೇ ನೀ" ಅಂದರು. ಒಳಗೆ ಹೋಗಿ ಜಗಲಿಯ ಮೇಲಿನ ಬಟ್ಟಲು ತಂದು ಎಲ್ಲರ ಮುಂದೆ ಹಿಡಿದರು. "ಹಂಗಾದ್ರ ಕೇಳು. ಹೊಲದ ಮೂಡಲ ಅರ್ಧಾ ನಾ ಬಿತ್ತತೀನಿ. ಪಡುವಲ ಅರ್ಧಾ ನೀ ಬಿತ್ತು, ಆ ಹಾಳ್ಯಾಗ ಬರದಂಗ. ನಿನ್ನ ರಾಶಿ ನನ್ನ ರಾಶಿಗಿಂತ ಒಂದ ಸೇರ ಹೆಚ್ಚಾದ್ರೂ ಈ ಬಟ್ಟಲ ನಿಂದು. ನಾ ಸಾಯೂತನಕ ಇದನ್ನ ಮುಟ್ಟಂಗಿಲ್ಲ."

"ಏ, ಇಷ್ಟ ದೊಡ್ಡ ಮಾತ ಯಾಕಬೇ?" ಅಂದರು ಮಾವ.

"ಮಾತ ಅಂದ್ರ ಮಾತ" ಅಂದರು ಅತ್ತೆ.

ಬಡಿಗನಿಂದ ಮೊಳದ ಅಂತರದ ಹೊಸ ಕೂರಿಗೆಯೊಂದನ್ನು ಮಾಡಿಸಿದೆವು. ಅದರ ಬಟ್ಟಲು ಹಸಿ ಬೇವಿನದು, ಮೂಗಿಗೆ ಹತ್ತಿರ ಹಿಡಿದರೆ ಸೀನು ಬರುತ್ತಿತ್ತು. ಮಳೆ ಬಿದ್ದು ನೆಲ ಹದವಾಯಿತು. ಕೂರಿಗೆಗೆ ಅರಿಸಿನ ಕುಂಕುಮ ಹಚ್ಚಿ, ಹಸಿರು ಬಳೆ ಕಟ್ಟಿ ಬಿತ್ತಿಗೆ ಶುರುಮಾಡಿದೆವು. ಅತ್ತೆ ಮೂಡಣ ಅರ್ಧವನ್ನು ಮಧ್ಯಾಹ್ನದೊಳಗೆ ಮುಗಿಸಿ, ಬದುವಿನ ಮೇಲೆ ಕುಳಿತು ರೊಟ್ಟಿ ತಿನ್ನುತ್ತ ನನ್ನನ್ನು ನೋಡತೊಡಗಿದರು. ನನ್ನ ಫಜೀತಿ ಏನು ಹೇಳಲಿ! ಮುಷ್ಟಿ ಸಡಿಲ ಬಿಟ್ಟರೆ ಬೀಜ ಭಡಭಡ ಸುರಿಯುತ್ತಿತ್ತು, ಬಿಗಿ ಹಿಡಿದರೆ ನಿಂತೇ ಹೋಗುತ್ತಿತ್ತು. ಎತ್ತು ನನಗಾಗಿ ಕಾಯುತ್ತಿರಲಿಲ್ಲ. ಎತ್ತು ಹೊಡೆಯುತ್ತಿದ್ದ ನಮ್ಮವರೂ ಕಾಯುತ್ತಿರಲಿಲ್ಲ.

ಎಂಟು ದಿನಕ್ಕೆ ಮೊಳಕೆ ಎದ್ದಾಗ ನನ್ನ ಭಾಗದ ಹೊಲ ಹಲ್ಲುದುರಿದ ಮುದುಕಿಯ ಬಾಯಿಯಾಗಿತ್ತು. ಇಲ್ಲಿ ನಾಲ್ಕು ಸಸಿ, ಆಮೇಲೆ ಮೂರು ಮೊಳ ಬರೀ ಮಣ್ಣು. ದಾರಿಯಲ್ಲಿ ಹೋಗುವವರು ಬಂಡಿ ನಿಲ್ಲಿಸಿ ನಗುತ್ತಿದ್ದರು. "ತಿಕೋಟಿ ಹುಡುಗಿ ಬೀಜಾ ತವರಮನಿಗೆ ಕಳಿಸ್ಯಾಳೇನೋ" ಎಂದು ಒಬ್ಬ ಅಂದ. ನಾನು ಮೇವಿನ ಕೋಣೆಗೆ ಹೋಗಿ ಅತ್ತುಬಿಟ್ಟೆ. ಒಂದು ಕಡೆ ಸಿಟ್ಟು, ಒಂದು ಕಡೆ ನಾಚಿಕೆ. ಅತ್ತೆಯಾದರೂ ನಾಲ್ಕು ಮಾತು ಚುಚ್ಚಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ಅವರು ನೋಡಿದರೆ ನನ್ನ ತಾಟಿಗೆ ಒಂದು ರೊಟ್ಟಿ ಹೆಚ್ಚಿಗೆ ಹಾಕಿದರು.

ಆ ವರ್ಷ ಹಸ್ತ ಮಳೆ ಒಮ್ಮೆ ಮುಖ ತೋರಿಸಿ ಹೋಯಿತು. ಚಿತ್ತಿ ಮಳೆ ಅದನ್ನೂ ಮಾಡಲಿಲ್ಲ. ನನ್ನ ಸಾಲುಗಳ ನಡುವೆ ಜಾಗವಿದ್ದುದರಿಂದ ನಮ್ಮವರು ಮೂರು ಸಲ ಎಡೆಕುಂಟೆ ಹೊಡೆದರು. ಅತ್ತೆಯ ದಟ್ಟ ಬೆಳೆಯಲ್ಲಿ ಒಂದು ಸಲದ ಮೇಲೆ ಕುಂಟೆ ಹೋಗಲೇ ಇಲ್ಲ. ಅಲ್ಲಿ ನೆಲ ಬಿರಿದು ಕಾಲು ಸಿಕ್ಕುವಷ್ಟು ಬಾಯಿ ಬಿಟ್ಟಿತು. ನನ್ನ ಭಾಗದಲ್ಲಿ ಮೇಲೆ ಪುಡಿಮಣ್ಣು, ಬೆರಳಿನಿಂದ ಕೆದಕಿದರೆ ಕೆಳಗೆ ತಂಪು. ಆ ತಂಪು ಕೈಗೆ ಹತ್ತಿದ ದಿನ ನಾನು ಹೊಲದಿಂದ ಮನೆಯವರೆಗೆ ಓಡಿ ಬಂದೆ. ಯಾರಿಗೂ ಹೇಳಲಿಲ್ಲ. ನನ್ನ ಬಾಯಿ ಸುಮ್ಮನಿದ್ದದ್ದು ಅದೇ ಮೊದಲ ಸಲ.

ಎಳ್ಳ ಅಮಾವಾಸ್ಯೆಯ ದಿನ ಬೆಳೆಗೆ ಎಡೆ ಹಾಕುವ ಚರಗ ಚೆಲ್ಲಲು ಬಂಡಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋದೆವು. ಸಜ್ಜೆಯ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಪುಂಡಿಪಲ್ಲೆ. ಅತ್ತೆ ಬುಟ್ಟಿ ಹೊತ್ತ ಮಾವನ ಹಿಂದೆ "ಹುಲ್ಲುಲ್ಲಿಗ್ಯೋ" ಎಂದು ಕೂಗುತ್ತ ಮೊದಲು ತಮ್ಮ ಭಾಗಕ್ಕೆ ಚರಗ ಹಾಕಿದರು. ತೆನೆಗಳು ಅರ್ಧ ಹೊರಬಂದು ಅರ್ಧ ಗರಿಯಲ್ಲೇ ಸಿಕ್ಕಿಕೊಂಡಿದ್ದವು, ಕೆಳಗಿನ ಎಲೆಯೆಲ್ಲ ಹಳದಿ. ಆಮೇಲೆ ನನ್ನ ಭಾಗಕ್ಕೆ ಬಂದರು. ಖಾಲಿ ಜಾಗಗಳು ಹಾಗೇ ಇದ್ದವು, ಆದರೆ ಇದ್ದ ದಂಟುಗಳು ನನ್ನ ಹೆಬ್ಬೆರಳಿಗಿಂತ ದಪ್ಪ. ಅತ್ತೆ ಒಂದು ತೆನೆಯನ್ನು ಬಗ್ಗಿಸಿ ಅಂಗೈಯಲ್ಲಿ ಹಿಡಿದು ತೂಗಿದರು. ಎರಡು ದಂಟುಗಳ ನಡುವಿನ ಅಂತರವನ್ನು ಗೇಣಿನಿಂದ ಅಳೆದರು. ಆಮೇಲೆ ಬಹಳ ಹೊತ್ತು ಊಟಕ್ಕೆ ಬರಲಿಲ್ಲ.

ರಾಶಿಯ ದಿನ ಕಣದಲ್ಲಿ ಊರಿನ ಅರ್ಧ ಜನ ಸೇರಿದ್ದರು. ನಮ್ಮಲ್ಲಿ ರಾಶಿ ಅಳೆಯುವಾಗ ಮೊದಲನೆಯ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಮಾವ ಅತ್ತೆಯ ರಾಶಿ ಅಳೆದರು: "ಲಾಭ... ಎರಡ... ಮೂರ..." ಆಮೇಲೆ ನನ್ನದು. ಅತ್ತೆಯ ಲೆಕ್ಕ ಮುಗಿದ ಅಂಕಿ ದಾಟಿದ ಮೇಲೆಯೂ ನನ್ನ ರಾಶಿಯಲ್ಲಿ ಜೋಳ ಉಳಿದಿತ್ತು. ಒಂದು ಸೇರಲ್ಲ, ಎರಡು ಚೀಲ ಹೆಚ್ಚು. ಕಾಮಗಾರ ತಲೆಯ ಟೊಪ್ಪಿಗೆ ತೆಗೆದು ಮೇಲಕ್ಕೆ ಹಾರಿಸಿದ. ಅದು ಹೋಗಿ ಎತ್ತಿನ ಕೋಡಿನ ಮೇಲೆ ಬಿತ್ತು, ಇಡೀ ಕಣ ನಕ್ಕಿತು.

ನಾನು ಗೆದ್ದೆ. ಸುಳ್ಳು ಯಾಕೆ ಹೇಳಲಿ, ಆ ಕ್ಷಣ ನನಗೆ ಕುಣಿಯುವಷ್ಟು ಸಂತೋಷವಾಯಿತು. ಅತ್ತೆ ಮುಖ ಸಣ್ಣದು ಮಾಡಲಿಲ್ಲ. ಮನೆಗೆ ಬಂದು, ಕೈಕಾಲು ತೊಳೆದುಕೊಂಡು, ಬಟ್ಟಲನ್ನು ಜಗಲಿಯಿಂದ ಇಳಿಸಿ ಅದರ ತುಂಬ ಜೋಳ ಹಾಕಿ ನನ್ನ ಉಡಿಯಲ್ಲಿಟ್ಟರು. "ಅತ್ತಿಗೊಂದ ಕಾಲ, ಸೊಸಿಗೊಂದ ಕಾಲ" ಎಂದು ನಕ್ಕರು. ನಕ್ಕದ್ದು ಖರೆ ನಗುವೇ. ಆದರೆ ಮರುದಿನದಿಂದ ಬೀಸುವಾಗ ಅವರ ಹಾಡು ಕೇಳಿಸಲಿಲ್ಲ. ಜಗಲಿಗೆ ದೀಪ ಹಚ್ಚುವಾಗ ಬಟ್ಟಲನ್ನು ಸುತ್ತುಹಾಕಿ ಕೈ ಹೋಗುತ್ತಿತ್ತು, ಬಟ್ಟಲಿಗೆ ಬೆರಳು ತಾಗುತ್ತಿರಲಿಲ್ಲ. ಅದನ್ನು ನೋಡಿದಾಗಲೆಲ್ಲ, ಮೂವತ್ತು ವರ್ಷದ ಕೈಯನ್ನು ನಾನು ಬಾಯಿಮಾತಿನಲ್ಲಿ ಮುರಿದೆನಲ್ಲ ಅನಿಸುತ್ತಿತ್ತು.

ಬೇಸಿಗೆಯಲ್ಲಿ ಒಂದು ತಿಂಗಳು ತಿಕೋಟಾಕ್ಕೆ ಹೋಗಿ ಬಂದೆ. ಮರಳಿ ಬಂದದ್ದು ಮಟಮಟ ಮಧ್ಯಾಹ್ನ, ಅದೇ ಕೆಮ್ಮುವ ಮೋಟಾರಿನಲ್ಲಿ. ಮನೆಯಲ್ಲಿ ಯಾರೂ ಕಾಣಲಿಲ್ಲ. ಹಿತ್ತಲಿಗೆ ಹೋದರೆ ಅತ್ತೆ ಬೇವಿನ ನೆರಳಿನಲ್ಲಿ ಬಗ್ಗಿ ನಿಧಾನವಾಗಿ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಿದ್ದರು. ನೆಲದ ಮೇಲೆ ಬೂದಿ ಚೆಲ್ಲಿ ಉದ್ದಕ್ಕೆ ಗೆರೆ ಎಳೆದಿದ್ದರು. ಆ ಗೆರೆಯ ಮೇಲೆ ಮುಷ್ಟಿಯಿಂದ ಜೋಳದ ಕಾಳು ಬಿಡುತ್ತಿದ್ದರು. ಕಿರುಬೆರಳು ಮತ್ತು ಉಂಗುರಬೆರಳು ಎರಡನ್ನೂ ಜೋಡಿಸಿ ಕೆಂಪು ದಾರದಿಂದ ಬಿಗಿದು ಕಟ್ಟಿಕೊಂಡಿದ್ದರು.

"ಇದೇನ ಮಾಡಾಕತ್ತೀರಿ ಯವ್ವಾ?" ಅಂದೆ.

ಕಳ್ಳತನದಲ್ಲಿ ಸಿಕ್ಕವರ ಹಾಗೆ ಬೆಚ್ಚಿದರು. ಆಮೇಲೆ, "ಬಂದೇನು? ನೋಡಿದ್ರ ನೋಡು" ಎಂದು ಕೈ ಮುಂದೆ ಹಿಡಿದರು. "ಈ ಕೈಗೆ ಕಡಿಮಿ ಬಿಡು ಅಂದ್ರ ಕೇಳವಲ್ದು. ಮೂವತ್ತ ವರ್ಷದ ಚಟಾ. ಅದಕ್ಕ ಎರಡ ಬೆರಳ ಕಟ್ಟಿ ಹಾಕೀನಿ. ಮೂರ ಬೆರಳಿಲೆ ಬಿಟ್ರ ಎಷ್ಟ ಬೇಕೋ ಅಷ್ಟ ಬೀಳ್ತದ, ಮುಷ್ಟಿ ಮಾತ್ರ ತುಂಬಿರತದ."

ಗೆರೆಯ ಮೇಲೆ ಕಾಳುಗಳು ಬಿದ್ದದ್ದನ್ನು ನೋಡಿದೆ. ಒಂದರ ಮುಂದೆ ಒಂದು, ಅಳತೆ ಹಿಡಿದು ಇಟ್ಟಂತೆ. ಎಲ್ಲೂ ಖಾಲಿ ಇಲ್ಲ, ಎಲ್ಲೂ ಗುಂಪಿಲ್ಲ. ನನ್ನ ಹಲ್ಲುದುರಿದ ಹೊಲ ನೆನಪಾಗಿ ತಲೆ ತಗ್ಗಿಸಿದೆ.

"ನಿನ್ನ ಹೊಲಾ ಗೆದ್ದದ್ದ ಖರೇ" ಅಂದರು. "ಆದ್ರ ಅಷ್ಟ ಖಾಲಿ ಬಿಟ್ಟೂ ಗೆದ್ದಿ. ಖಾಲಿ ಬಿಡದಂಗ ಬಿತ್ತಿದ್ರ ಇನ್ನೂ ಎಷ್ಟ ಬೆಳೀತಿತ್ತು ಹೇಳು! ಆ ಹಾಳಿ ಬರದಾಂವಗ ಕಡಿಮಿ ಬಿಡು ಅನ್ನೂದು ಗೊತ್ತು. ಹ್ಯಾಂಗ ಬಿಡಬೇಕು ಅನ್ನೂದು ಅವನ ಕೈಗೆ ಗೊತ್ತಿಲ್ಲ."

ನಾನು ಒಳಗೆ ಓಡಿ ಬಟ್ಟಲು ತಂದು ಅವರ ಮುಂದೆ ಹಿಡಿದೆ. "ಇದು ನಿಮ್ಮದರಿ. ತಗೋರಿ. ನನಗ ಬ್ಯಾಡ" ಅಂದೆ. ಅಳು ಬಂದುಬಿಟ್ಟಿತ್ತು.

ಅವರು ಎರಡೂ ಕೈ ಹಿಂದೆ ಕಟ್ಟಿಕೊಂಡರು. "ಮಾತ ಅಂದ್ರ ಮಾತ. ಹತ್ತ ಮಂದಿ ಮುಂದ ಆಡೀನಿ. ಬಾ ಇಲ್ಲಿ, ನಿನ್ನ ಬೆರಳ ಕಟ್ತೀನಿ."

ಅವತ್ತಿನಿಂದ ದಿನಾ ಮಧ್ಯಾಹ್ನ ಬೂದಿಯ ಗೆರೆಯ ಮೇಲೆ ನನ್ನ ಶಾಲೆ ನಡೆಯಿತು. ಮುಲ್ಕಿ ಪರೀಕ್ಷೆಯ ಮಾಸ್ತರರೂ ಅಷ್ಟು ಬೈದಿರಲಿಲ್ಲ. ಕಾಮಗಾರ ಬಂದು ನೋಡಿದವನು ಸೈಕಲ್ ಮರೆತು ಅಲ್ಲೇ ಕುಳಿತ. ತಾನೂ ಬೆರಳು ಕಟ್ಟಿಸಿಕೊಂಡು ಬೀಜ ಬಿಟ್ಟ. ಎದ್ದವನೇ ಅತ್ತೆಯ ಕಾಲಿಗೆ ಬಿದ್ದ. "ಯವ್ವಾ, ತಿಕೋಟಾಕ್ಕ ಬರ್ರಿ. ಅಲ್ಲಿ ಹೆಣ್ಮಕ್ಕಳ ಮುಂದ ಇದನ್ನ ತೋರಸ್ರಿ. ಗಂಡಸರಿಗೆ ಹೇಳಿ ಹೇಳಿ ನನ್ನ ಗಂಟಲ ಹರದದ" ಅಂದ.

ಅತ್ತೆ ಅಲ್ಲಿಯವರೆಗೆ ಬೇರೆ ಊರಿನ ಮಂದಿಯ ಮುಂದೆ ನಿಂತು ಮಾತಾಡಿದವರಲ್ಲ. ನನ್ನ ತವರಿನಲ್ಲಿ, ಸಂತೆಯ ದಿನ, ಒಂದು ಬೇವಿನ ಗಿಡದ ಕೆಳಗೆ ನಲವತ್ತು ಹೆಂಗಸರು ಸೇರಿದ್ದರು. ಮೊದಲು ಅವರು ಸೆರಗು ಸರಿಮಾಡಿಕೊಳ್ಳುತ್ತಲೇ ನಿಂತರು. ನಾನು ಬಾಯಿ ತೆರೆಯುವವಳಿದ್ದೆ. ಸದ್ಯ, ತೆರೆಯಲಿಲ್ಲ. ಅವರು ಮಾತು ಬಿಟ್ಟು ದಾರದ ಉಂಡೆ ತೆಗೆದರು. ಒಬ್ಬೊಬ್ಬರ ಕೈ ಹಿಡಿದು ಎರಡು ಬೆರಳು ಕಟ್ಟುತ್ತ, "ಮುಷ್ಟಿ ತುಂಬಿರ್ಲಿ, ಭೂಮಿತಾಯಿಗೆ ಸಿಟ್ಟ ಬರಂಗಿಲ್ಲ. ಬಿಡೂದು ಮೂರ ಬೆರಳಿಲೆ" ಎಂದು ಹೇಳುತ್ತ ಹೋದರು.

ಹಿಂದುಗಡೆ, ಗಿಡದ ನೆರಳು ಮುಗಿಯುವಲ್ಲಿ, ಬೇರೆ ಕೇರಿಯ ಕೂಲಿ ಹೆಂಗಸರು ಏಳೆಂಟು ಜನ ದೂರ ಕುಳಿತಿದ್ದರು. ಅವರಿಗೆ ಸ್ವಂತ ಹೊಲವಿಲ್ಲ, ಆದರೆ ಬಿತ್ತಿಗೆಯಲ್ಲಿ ಒಬ್ಬೊಬ್ಬಳೂ ಹತ್ತು ಜನರ ಹೊಲ ಬಿತ್ತುತ್ತಾಳೆ. ಆಗಿನ ಕಾಲದ ರೂಢಿ ನಿಮಗೆ ಗೊತ್ತಿದೆ. ಏನು ಕೊಡುವುದಿದ್ದರೂ ಮೇಲಿನಿಂದ ಹಾಕುತ್ತಿದ್ದರು, ಕೈ ತಾಗಬಾರದು. ಅತ್ತೆ ಅವರಲ್ಲಿ ಮೊದಲನೆಯವಳ ಅಂಗೈಗೆ ದಾರದ ತುಂಡನ್ನು ಮೇಲಿನಿಂದಲೇ ಬಿಟ್ಟರು. ಅವಳು ಒಂದು ಕೈಯಿಂದ ಕಟ್ಟಿಕೊಳ್ಳಲು ಹೋದಳು, ಬರಲಿಲ್ಲ. ಮತ್ತೆ ಹೋದಳು, ದಾರ ಜಾರಿತು. ಇಡೀ ಗುಂಪು ನೋಡುತ್ತಿತ್ತು. ಅತ್ತೆ ಒಂದು ಗಳಿಗೆ ನಿಂತರು. ಆಮೇಲೆ ಕುಕ್ಕರುಗಾಲಲ್ಲಿ ಕುಳಿತು, "ತಾ ಇಲ್ಲಿ, ಹಂಗ ಕಟ್ಟಿದ್ರ ನಾಕ ಹೆಜ್ಜಿಗೆ ಬಿಚ್ಚತದ" ಎಂದು ಅವಳ ಕೈಯನ್ನು ತಮ್ಮ ತೊಡೆಯ ಮೇಲೆಳೆದುಕೊಂಡು ಗಂಟು ಹಾಕಿದರು. ಮುಂದಿನವಳಿಗೂ ಹಾಕಿದರು. ಎಲ್ಲರಿಗೂ ಹಾಕಿದರು.

ನಮ್ಮ ಮಂದಿಯಲ್ಲಿ ಇಬ್ಬರು ಎದ್ದು ಹೋದರು. ಹೋಗಲಿ. ಆ ವರ್ಷ ತಿಕೋಟಾದ ಸುತ್ತ ಹೊಸ ಬಿತ್ತಿಗೆಯನ್ನು ಹೊಲದಿಂದ ಹೊಲಕ್ಕೆ ಒಯ್ದವರು ಆ ಏಳೆಂಟು ಜನವೇ. ಕಾಮಗಾರನ ಸೈಕಲ್ಲು ಹೋಗದ ಹೊಲಕ್ಕೂ ಅವರ ಕೈ ಹೋಯಿತು. ಇನ್ನೂ ಒಂದು ವರ್ಷದ ಮೇಲೆ ವಿಜಾಪುರದ ದೊಡ್ಡ ಸಾಹೇಬರು ಹೊಲ ನೋಡಲು ಬಂದು, ಎಲ್ಲ ಹೆಂಗಸರ ಬೆರಳಿಗೂ ದಾರ ಯಾಕೆಂದು ಕೇಳಿದರಂತೆ. "ಭೂಮಿತಾಯಿ ಉಡಿ ತುಂಬಾಗ ಕಟ್ಟಕೋಬೇಕ್ರಿ. ಹಿಂದಿನಿಂದ ನಡದ ಬಂದ ಪದ್ಧತಿ" ಎಂದು ಒಬ್ಬಾಕೆ ಗಂಭೀರವಾಗಿ ಹೇಳಿದಳಂತೆ. ಸಾಹೇಬರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರೆಂದು ಕಾಮಗಾರ ಬಂದು ಹೇಳಿದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆದರೆ ಅದಕ್ಕೂ ಮೊದಲಿನ ಒಂದು ಬೆಳಗನ್ನು ಹೇಳಬೇಕು. ತಿಕೋಟಾದಿಂದ ಬಂದ ಮೇಲೆ ನಮ್ಮದೇ ಹೊಲದ ಬಿತ್ತಿಗೆಯ ದಿನ. ಬಾಗಿಲಲ್ಲಿ ಬಂಡಿ ನಿಂತಿದ್ದವು, ಮೂರಲ್ಲ, ಏಳು. ಅತ್ತೆ ಹೊರಗೆ ಬಂದು, "ಎದಕ್ಕ ಬಂದೀರಪ್ಪಾ? ನಾ ಬಟ್ಟಲ ಸೋತೀನಿ, ಊರಿಗೆಲ್ಲಾ ಗೊತ್ತದ" ಅಂದರು. ಬಂಡಿಯಲ್ಲಿದ್ದವರು, "ಬಟ್ಟಲ ನಮ್ಮನ್ಯಾಗ ಅದರಿ ಯವ್ವಾ. ದಾರಾ ಕಟ್ಟಾಕ ಬರ್ರಿ" ಅಂದರು. ಅತ್ತೆ ಬಾಯಿಗೆ ಸೆರಗು ಹಿಡಿದುಕೊಂಡು ಒಳಗೆ ಬಂದರು. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. "ಮೊದಲ ನಮ್ಮ ಹೊಲಾ, ಆಮ್ಯಾಲ ಬರ್ತೀನಂತ ಹೇಳು" ಎಂದು ನನ್ನನ್ನು ಕಳಿಸಿದರು.

ಹೊಲದಲ್ಲಿ ಹೊಸ ಕೂರಿಗೆಗೆ ಅವರ ಹಳೆಯ ಜಾಲಿಯ ಬಟ್ಟಲನ್ನು ಕೂಡಿಸಿದ್ದೆವು. ಪೂಜೆಯಾಯಿತು. ಅತ್ತೆ ನನ್ನ ಎರಡು ಬೆರಳು ಕಟ್ಟಿ, ಉಡಿಗೆ ಬೀಜ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಮೂವತ್ತು ವರ್ಷ ತಾವು ನಿಂತ ಜಾಗದಲ್ಲಿ ನನ್ನನ್ನು ನಿಲ್ಲಿಸಿ ನೋಡುತ್ತಿದ್ದರು. ಅವರ ಬಲಗೈ ಸೆರಗಿನೊಳಗೇ ಮುಚ್ಚಿ ತೆರೆದು ಮಾಡುತ್ತಿತ್ತು, ಕಾಳು ಬಿಡುವ ಹಾಗೆ. ಅದನ್ನು ನೋಡಿದ ಮೇಲೆ ನನ್ನ ಮುಷ್ಟಿ ಏಳಲೇ ಇಲ್ಲ.

"ಯಾಕ ನಿಂತಿ? ಹೊತ್ತ ಏರಾಕತ್ತದ" ಅಂದರು.

"ಯವ್ವಾ, ನೀವು ಬಟ್ಟಲಾ ಮುಟ್ಟಂಗಿಲ್ಲ ಅಂದೀರಿ" ಅಂದೆ.

"ಹೂಂ. ಅಂದೀನಿ."

"ನನ್ನ ಕೈ ಮುಟ್ಟಂಗಿಲ್ಲ ಅಂತ ಅಂದಿಲ್ಲಲ್ರಿ?"

ಅವರು ನನ್ನನ್ನೇ ನೋಡಿದರು. ಮಾವ ಕೆಮ್ಮಿ ಬೇರೆ ಕಡೆ ತಿರುಗಿದರು. ಅತ್ತೆ ಸೆರಗಿನಿಂದ ಕೈ ಹೊರತೆಗೆದು, ಎರಡು ಹೆಜ್ಜೆ ಮುಂದೆ ಬಂದು, ನನ್ನ ಮುಷ್ಟಿಯನ್ನು ಕೆಳಗಿನಿಂದ ತಮ್ಮ ಅಂಗೈಯಲ್ಲಿ ಹಿಡಿದರು. ಒರಟು ಕೈ, ಬಿಸಿಯಾಗಿತ್ತು. ಹಾಗೇ ನನ್ನ ಕೈಯನ್ನು ಬಟ್ಟಲಿನ ಮೇಲೆ ಒಯ್ದರು.

"ಭಾಳ ಶ್ಯಾಣ್ಯಾಕಿ ಅದಿ ಬೇ ನೀ" ಅಂದರು. ಆಮೇಲೆ ಮಗನ ಕಡೆ ತಿರುಗಿ, "ಏನ ನೋಡಕೋತ ನಿಂತಿ? ಹೊಡಿ ಎತ್ತು" ಎಂದು ಗದರಿಸಿದರು. ಎತ್ತು ನಡೆದವು, ಕಾಳು ಕೊಳವೆಯೊಳಗೆ ಸಣ್ಣಗೆ ಸದ್ದು ಮಾಡುತ್ತ ಇಳಿಯತೊಡಗಿತು, ಮೊದಲನೆಯ ಸಾಲು ಮುಗಿಯುವವರೆಗೆ ಅವರು ನನ್ನ ಕೈ ಬಿಡಲಿಲ್ಲ.